ತಿರುವಿ ನೋಡಿ, ತೂಗಿ ನೋಡಿ: ಹಳೆಯ ಉಡುಗೆ-ತೊಡುಗೆ ಕುರಿತು ಓದುಗರ ಪ್ರಶ್ನೆಗಳು

ಹಳೆಯ ಸೀರೆ, ಬೆಳ್ಳಿ, ಗಡಿಯಾರ ಕೊಳ್ಳುವ ಕುರಿತು ಬಳ್ಳಾರಿ, ವಿಜಯನಗರ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರಿಸಿದ್ದೇವೆ. ಹೆಚ್ಚಿನವರು ಕೇಳಿರುವುದು ಬೆಲೆ. ವಸ್ತು ಏನೆಂದು ಗೊತ್ತಾಗದೆ ಬೆಲೆ ಮಾತಾಡಿ ಉಪಯೋಗವಿಲ್ಲ. ಮಾರುವವರು ಮುಂಬದಿ ತೋರಿಸುತ್ತಾರೆ, ಕೊಳ್ಳುವವರು ನೋಡಬೇಕಾದದ್ದು ಹಿಂಬದಿ.

ದೋಟಿಹಾಳದಾಗ ಪರಿಚಯದವರ ಮನ್ಯಾಗ ಒಂದು ಹಳೇ ಇಳಕಲ್ ಸೀರಿ ಮಾರಾಟಕ್ಕದ. ಪಕ್ಕಾ ಕೈಮಗ್ಗ, ಸೆರಗು ರೇಷ್ಮಿ, ಅಜ್ಜಿ ಕಾಲದ್ದು ಅಂತಾರ. ನಂಬೂದು ಹ್ಯಾಂಗ್ರೀ?
— ಓದುಗರು, ಕುಷ್ಟಗಿ

ನಿಮ್ಮ ಭಾಗದಲ್ಲಿ ಇಂದಿಗೂ ಇಳಕಲ್ ಸೀರೆ ನೇಯುವ ಮನೆಗಳಿವೆ. ಹಾಗಾಗಿ ಅಲ್ಲಿ ಹಳೆಯದು ಸಿಗುವುದು ಸಹಜ, ಹೊಸದನ್ನು ಹಳೆಯದೆಂದು ದಾಟಿಸುವುದೂ ಅಷ್ಟೇ ಸುಲಭ.

ಮೊದಲು ಸೆರಗು ಮೈಗೆ ಕೂಡುವ ಜಾಗವನ್ನು ತಿರುವಿ, ಬೆಳಕಿಗೆ ಹಿಡಿದು ನೋಡಿ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಮೈಯ ಹಾಸು (ಉದ್ದಕ್ಕೆ ಬಿಗಿದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಿರುತ್ತಾರೆ. ಅದೇ ಕೊಂಡಿ. ಅಡ್ಡಕ್ಕೆ ಒಂದೇ ಸಾಲಿನಲ್ಲಿ ಸಣ್ಣ ಗಂಟು-ಕುಣಿಕೆಗಳ ಗೆರೆ ಬೆರಳಿಗೆ ತಾಗುತ್ತದೆ. ಈ ಜೋಡಣೆಯನ್ನು ಸೀರೆ ಸೀರೆಗೂ ಹೊಸದಾಗಿ ಮಾಡಬೇಕು, ಕೂಲಿ ಹೋಗುವುದು ಅಲ್ಲಿಯೇ. ಪವರ್‌ಲೂಮ್ ನಕಲಿನಲ್ಲಿ ಹಾಸು ಕೊನೆಯವರೆಗೂ ಒಂದೇ, ಸೆರಗಿಗೆ ಬರೀ ಹೊಕ್ಕಿನ (ಅಡ್ಡಕ್ಕೆ ನೇಯುವ ಎಳೆಯ) ಬಣ್ಣ ಬದಲಿಸಿರುತ್ತಾರೆ. ಆದ್ದರಿಂದ ಸೆರಗಿನ ಕೆಂಪು ಅಚ್ಚ ಕೆಂಪಾಗಿರುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕೆಂಪಿನ ನಡುವೆ ಮೈಯ ಹಸಿರೋ ನೀಲಿಯೋ ಎಳೆಗಳು ಇಣುಕುತ್ತವೆ. ‘ಟೋಪ್ ತೆನೆ’ ಎಂಬ ಅಸಲಿ ಇಳಕಲ್ ಸೆರಗಿನಲ್ಲಿ ಮೂರು ತುಂಬು ಕೆಂಪು ಪಟ್ಟಿ, ನಡುವೆ ಎರಡು ಬಿಳಿಯ ಪಟ್ಟಿ. ಆ ಕೆಂಪಿನಲ್ಲಿ ಬೇರೆ ಬಣ್ಣ ಬೆರೆಯಬಾರದು.

ಎರಡನೆಯದು ಅಳತೆ. ಟೇಪು ಹಿಡಿಯಿರಿ. ಕಚ್ಚೆ ಹಾಕಿ ಉಡುತ್ತಿದ್ದ ಕಾಲದ ಸೀರೆಗಳು ಎಂಟು, ಒಂಬತ್ತು ಗಜ ಇರುತ್ತಿದ್ದವು. ಒಂಬತ್ತು ಗಜವೆಂದರೆ ಸುಮಾರು 8.2 ಮೀಟರು. ಸೀರೆ ಆರೂಕಾಲು ಮೀಟರಿದ್ದು, ಕೊನೆಗೆ ಅದೇ ಬಟ್ಟೆಯ ಕುಪ್ಪಸದ ತುಂಡೂ ಅಂಟಿಕೊಂಡಿದ್ದರೆ ಅದು ಅಜ್ಜಿಯ ಸೀರೆಯಲ್ಲ, ಹೆಚ್ಚೆಂದರೆ ಅತ್ತಿಗೆಯದು. ಆಗಿನವರು ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಬೇರೆಯಾಗಿ ಕೊಳ್ಳುತ್ತಿದ್ದರು.

ಮೂರನೆಯದು ಎಳೆ. ಸೆರಗಿನ ಕುಚ್ಚಿನಿಂದ ಒಂದೇ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕರಿ ಉಂಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ (ಕೃತಕ ರೇಷ್ಮೆ, ಅಂದರೆ ರೇಯಾನ್) ಆದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಸೆರಗು ಆರ್ಟ್ ಸಿಲ್ಕ್ ಎಂದ ಮಾತ್ರಕ್ಕೆ ಸೀರೆ ಸುಳ್ಳಲ್ಲ. ಇಳಕಲ್ ನೇಕಾರರು ಬಹುಕಾಲದಿಂದ ಅದನ್ನು ಬಳಸುತ್ತಿದ್ದಾರೆ. ರೇಷ್ಮೆಯ ಬೆಲೆ ಮಾತ್ರ ಕೊಡಬೇಡಿ.

ಇನ್ನು ಸ್ಥಿತಿ. ಮಡಿಕೆಯ ಗೆರೆಗಳನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳ ಸಾಲು ಕಂಡರೆ ಬಟ್ಟೆ ಮಡಿಕೆಯಲ್ಲಿ ಸತ್ತಿದೆ ಎಂದರ್ಥ. ಉಟ್ಟು ನಾಲ್ಕು ಹೆಜ್ಜೆ ನಡೆದರೆ ಸೀಳುತ್ತದೆ, ರಫೂ ಹಾಕಿದರೆ ಪಕ್ಕದಲ್ಲಿ ಸೀಳುತ್ತದೆ. ಇಂಥದ್ದನ್ನು ಗೋಡೆಗೆ ಚೌಕಟ್ಟು ಹಾಕಿಸಲೋ ಅಂಚು ಬಿಡಿಸಿಕೊಳ್ಳಲೋ ಮಾತ್ರ ಕೊಳ್ಳಿ. ಹಿಮ್ಮಡಿ ಉಜ್ಜಿ ಸವೆದ ಅಡಿ ಅಂಚು ಅಷ್ಟು ದೊಡ್ಡ ದೋಷವಲ್ಲ. ಮೂರಿಂಚು ಅಗಲದ ಹತ್ತಿಯ ಫಾಲ್ ಹಚ್ಚಿದರೆ ಸಾಕು, ಆದರೆ ಫಾಲ್ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಹಳೆಯ ಅಂಚನ್ನು ಜಗ್ಗುತ್ತದೆ. ಕೊಂಡಿ ಬಿಟ್ಟಿದ್ದರೆ ಹೊಲಿಗೆ ಯಂತ್ರಕ್ಕೆ ಕೊಡಲೇಬೇಡಿ. ಯಂತ್ರದ ಸೂಜಿ ಉಳಿದ ಕುಣಿಕೆಗಳನ್ನೂ ಕತ್ತರಿಸುತ್ತದೆ. ಹಿಂದೆ ಎರಡಿಂಚಿನ ಮಲ್‌ಮಲ್ ಪಟ್ಟಿಯಿಟ್ಟು ಕೈಹೊಲಿಗೆಯಲ್ಲಿ ಸಡಿಲವಾಗಿ ಕೂಡಿಸಬೇಕು.

ಸೀರೆಯ ಮೇಲೆ ಕಸೂತಿ ಇದ್ದರೆ ಅದನ್ನೂ ತಿರುವಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತರಹ ಕಾಣಬೇಕು, ಗಂಟು ಇರಬಾರದು. ಹಿಂದೆ ಬಿಳಿ ಬಾಬಿನ್ ದಾರ ಕಂಡರೆ ಯಂತ್ರದ ಕೆಲಸ.

ನಮ್ಮ ಕಡೆ ರೂಪಾಯಿ ಸರ ಮಾರಾಟಕ್ಕೆ ಬರುತ್ತವೆ. ಕೆಲವದರಲ್ಲಿ ರಾಣಿ ಮುಖ, ಕೆಲವದರಲ್ಲಿ ಚಾರ್ಮಿನಾರ್. ಮಾರುವವರು ಎಲ್ಲಕ್ಕೂ ಶುದ್ಧ ಬೆಳ್ಳಿಯ ದರವನ್ನೇ ಹೇಳುತ್ತಾರೆ. ಸರಿಯೇ?
— ಓದುಗರು, ರಾಯಚೂರು

ಸರಿಯಲ್ಲ. ಎರಡು ನಾಣ್ಯಗಳ ನಡುವೆ ಬೆಳ್ಳಿಯ ಅಂಶದಲ್ಲಿ ವ್ಯತ್ಯಾಸವಿದೆ, ಅದು ನಿಮ್ಮ ಜಿಲ್ಲೆಯ ಚರಿತ್ರೆಯಿಂದಲೇ ಬಂದದ್ದು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿ ಓಡಿದ್ದು ಬ್ರಿಟಿಷ್ ಇಂಡಿಯಾದ ರೂಪಾಯಿ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು, ಅಲ್ಲಿ ಓಡಿದ್ದು ನಿಜಾಮರದೇ ರೂಪಾಯಿ, ಹಾಲಿ ಸಿಕ್ಕಾ. ಅದರ ಮೇಲಿರುವುದೇ ಚಾರ್ಮಿನಾರ್. ಗಡಿ ದಾಟಿ ಮದುವೆಗಳಾದವು, ಹಾಗಾಗಿ ಒಂದೇ ಸರದಲ್ಲಿ ಎರಡೂ ಬೆರೆತಿರುವುದುಂಟು.

ಲೆಕ್ಕ ಹೀಗೆ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ಬ್ರಿಟಿಷ್ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಬೆಳ್ಳಿ ಶೇ 91.7. ನಾಣ್ಯಕ್ಕೆ ಸುಮಾರು 10.7 ಗ್ರಾಂ ಬೆಳ್ಳಿ. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ತೂಕ ಮಾತ್ರ ಅಷ್ಟೇ. 1947ರದ್ದು ನಿಕ್ಕಲ್, ಬೆಳ್ಳಿಯೇ ಇಲ್ಲ, ಅಯಸ್ಕಾಂತಕ್ಕೆ ಹತ್ತುತ್ತದೆ. ಚಾರ್ಮಿನಾರ್ ರೂಪಾಯಿ 11.18 ಗ್ರಾಂ, ಬೆಳ್ಳಿ ಶೇ 81.8, ಅಂದರೆ ಸುಮಾರು 9.1 ಗ್ರಾಂ. 1940ರ ದಶಕದಲ್ಲಿ ಅದೂ ಅರ್ಧ ಬೆಳ್ಳಿಯಾಯಿತು. ಹದಿನೈದು ನಾಣ್ಯದ ಸರ ಎಂದಿಟ್ಟುಕೊಳ್ಳಿ: ರಾಣಿ ಮುಖದ್ದಾದರೆ ಸುಮಾರು 160 ಗ್ರಾಂ ಬೆಳ್ಳಿ, ಹಳೆಯ ಚಾರ್ಮಿನಾರಾದರೆ 137, 1940–45ರ ರಾಜನದ್ದಾದರೆ 87. ಒಂದೇ ದರ ಹೇಳಿದವರು ಯಾವ ಸರಕ್ಕೆ ಲಾಭ ಹಾಕಿಕೊಂಡಿದ್ದಾರೆ ಎಂದು ನೀವೇ ನೋಡಿ.

ಚಾರ್ಮಿನಾರ್ ನಾಣ್ಯದ ಇಸವಿ ಉರ್ದು ಅಂಕಿಗಳಲ್ಲಿ, ಹಿಜರಿ ಲೆಕ್ಕದಲ್ಲಿದೆ. 1340 ಎಂದಿದ್ದರೆ ನಮ್ಮ 1921–22. ನಡುಬಾಗಿಲಲ್ಲಿ ಒಂದು ಅಕ್ಷರ ಇರುತ್ತದೆ. ಮೀಮ್ ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, ಐನ್ ಇದ್ದರೆ ಉಸ್ಮಾನ್ ಅಲಿ ಖಾನರದ್ದು. ಉರ್ದು ಓದುವವರು ರಾಯಚೂರಿನಲ್ಲಿ ಯಾವ ಓಣಿಯಲ್ಲೂ ಸಿಗುತ್ತಾರೆ, ಫೋಟೊ ತೆಗೆದು ತೋರಿಸಿ.

ನಕಲು ಹಿಡಿಯಲು ನಾಣ್ಯದ ಅಂಚನ್ನು ನೋಡಿ. ಎರಕದ ನಕಲಿಗೆ ಅಂಚಿನ ಸುತ್ತ ಸಣ್ಣ ಕೂಡುಗೆರೆ ಇರುತ್ತದೆ, ಅಕ್ಷರಗಳ ಮೂಲೆ ಮೊಂಡಾಗಿರುತ್ತದೆ. ಬಳಸಿ ಸವೆದ ನಾಣ್ಯದಲ್ಲಿ ಎತ್ತರದ ಭಾಗ (ಕೆನ್ನೆ, ಕಿರೀಟ) ಮಾತ್ರ ಸವೆದು, ತಗ್ಗಿನ ಅಕ್ಷರ ಚೂಪಾಗಿ ಉಳಿದಿರುತ್ತದೆ. ಎಲ್ಲವೂ ಒಂದೇ ಸಮ ಮೊಂಡಾದರೆ ಅನುಮಾನಿಸಿ. ಸವೆದು ಕಾಲು ಗ್ರಾಂ ಕಡಿಮೆಯಾಗುವುದು ಸಹಜ. ಒಂದೂವರೆ ಗ್ರಾಂ ಕಡಿಮೆಯಾದರೆ ಬಿಡಿ.

ಸರವನ್ನು ಇಡಿಯಾಗಿ ತೂಗಿ ಬೆಳ್ಳಿ ದರ ಹಾಕುವುದು ಹಳೆಯ ಚಾಳಿ. ದಾರ, ನಡುವಿನ ಹವಳ, ಕರಿಮಣಿ, ಕುಣಿಕೆಯ ಬೆಸುಗೆ ಎಲ್ಲವೂ ತೂಕಕ್ಕೆ ಬರುತ್ತವೆ. ನಾಣ್ಯ ಎಣಿಸಿ, ಇಸವಿ ನೋಡಿ, ಬೆಳ್ಳಿ ಎಷ್ಟು ಎಂದು ನೀವೇ ಲೆಕ್ಕ ಹಾಕಿ, ಅದರ ಮೇಲೆ ಮಜೂರಿ ಮಾತಾಡಿ. ಬಿಲ್ ಕೇಳಿ. ಅಡವಿನ ಅಂಗಡಿಯಿಂದಾದರೆ ಕಡ್ಡಾಯವಾಗಿ ಕೇಳಿ, ಕಳವಿನ ಮಾಲು ಎಂದು ನಾಳೆ ಯಾರಾದರೂ ಬಂದರೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಕಡಗ, ಡಾಬು, ವಂಕಿಗಳಲ್ಲಿ ಇಸವಿ ಇರುವುದಿಲ್ಲವಲ್ಲ. ಬೆಳ್ಳಿಯೋ ಜರ್ಮನ್ ಸಿಲ್ವರೋ ಮನೆಯಲ್ಲೇ ತಿಳಿಯಬಹುದೇ?
— ಓದುಗರು, ಸಿಂಧನೂರು

ಅಯಸ್ಕಾಂತ ನಂಬಬೇಡಿ. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಹೆಸರಲ್ಲಿ ಬಿಟ್ಟರೆ ಬೆಳ್ಳಿ ಇಲ್ಲ. ಅದೂ ಅಯಸ್ಕಾಂತಕ್ಕೆ ಹತ್ತುವುದಿಲ್ಲ.

ಹತ್ತನೇ ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು. ಒಡವೆ ತೂಗಿ ಬರೆದುಕೊಳ್ಳಿ. ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಒಡವೆಯನ್ನು ತೆಳು ದಾರಕ್ಕೆ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ಹಿಡಿಯಿರಿ. ಗಾಳಿಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಈಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 62 ಗ್ರಾಂ ಕಡಗಕ್ಕೆ ತಕ್ಕಡಿ 6.0 ತೋರಿಸಿದರೆ ಉತ್ತರ 10.3, ಒಳ್ಳೆಯ ಬೆಳ್ಳಿ. 7.1 ತೋರಿಸಿದರೆ 8.7, ಜರ್ಮನ್ ಸಿಲ್ವರ್. ನಡುವೆ ಬಂದರೆ ಕಲಬೆರಕೆ. ಬಿಡಿ ನಾಣ್ಯ ಒಂದೊಂದೇ ಹಾಕಿದರೆ ಈ ತಕ್ಕಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹತ್ತನ್ನು ಒಟ್ಟಿಗೆ ಕಟ್ಟಿ ಮುಳುಗಿಸಿ.

ಟೊಳ್ಳು ಕಡಗ, ಒಳಗೆ ಅರಗು ತುಂಬಿದ ನಾಗಮುರಗಿ, ಹರಳು ಕೂರಿಸಿದ್ದು: ಇವಕ್ಕೆ ಈ ಲೆಕ್ಕ ನಡೆಯದು. ಅಂಥವನ್ನು ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಎಕ್ಸ್‌ರೇ ಯಂತ್ರಕ್ಕೆ ಹಿಡಿಸಿ. ಅದು ಮೇಲ್ಪದರವನ್ನಷ್ಟೇ ಓದುತ್ತದೆ, ಆದ್ದರಿಂದ ಬೆಳ್ಳಿ ಗಿಲೀಟು ಮೋಸ ಮಾಡಬಹುದು. ಮೈ ಸವೆದ ಒಳಭಾಗಕ್ಕೆ ಹಿಡಿಯಲು ಹೇಳಿ.

ಮನೆಗೆ ತಂದ ಮೇಲೆ ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಕೆತ್ತನೆಯ ತಗ್ಗಿನಲ್ಲಿ ಕೂತ ಕಪ್ಪು ಇದ್ದರೇ ಕೆತ್ತನೆ ಕಾಣುವುದು. ಸೌಮ್ಯ ಸೋಪು, ಮೆತ್ತನೆ ಬ್ರಶ್, ಹತ್ತಿ ಬಟ್ಟೆ. ಸಂಗ್ರಹಕಾರರು ಇದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ, ಅದರಲ್ಲಿನ ಗಂಧಕ ಬೆಳ್ಳಿಗೆ ಕರಿಗೆರೆ ಎಳೆಯುತ್ತದೆ.

ಸ್ಟೀಲ್ ಪಾತ್ರೆಯವರು ಮನೆ ಮುಂದೆ ಬಂದು ಹಳೇ ಜರಿ ಸೀರೆ ಕೇಳುತ್ತಾರೆ. ನಮ್ಮಲ್ಲಿ ಮೊಳಕಾಲ್ಮುರು ರೇಷ್ಮೆ ಸೀರೆ ಎರಡಿವೆ. ಕೊಡಬಹುದಾ?
— ಓದುಗರು, ಬಳ್ಳಾರಿ

ಅವರು ಸೀರೆ ಕೇಳುತ್ತಿಲ್ಲ, ಬೆಳ್ಳಿ ಕೇಳುತ್ತಿದ್ದಾರೆ. ಅಸಲಿ ಜರಿಯೆಂದರೆ ರೇಷ್ಮೆ ಎಳೆಯ ಸುತ್ತ ಚಪ್ಪಟೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ನೀರು ಹಾಯಿಸಿದ್ದು. ಸೀರೆ ಸುಟ್ಟು ಲೋಹ ತೆಗೆಯುತ್ತಾರೆ. ಪಾತ್ರೆಗೆ ಬದಲಾಯಿಸಿದರೆ ನಿಮಗೆ ಸಿಗುವುದು ಆ ಬೆಳ್ಳಿಯ ಸಣ್ಣ ಪಾಲು.

ಅಂಚಿನ ಹಿಂಬದಿಯಿಂದ ಒಂದು ಜರಿ ಎಳೆ ಬಿಡಿಸಿ, ಉಗುರಿನಿಂದ ಮೇಲ್ಪದರ ಕೆರೆಯಿರಿ. ಒಳಗೆ ಬಿಳಿ ಹೊಳಪು ಬಂದರೆ ಬೆಳ್ಳಿ, ಕೆಂಪು ಬಂದರೆ ತಾಮ್ರದ ಜರಿ. ಬೆಂಕಿಗೆ ಹಿಡಿದ ಕೂಡಲೇ ಮುದುಡಿ ಮಣಿಯಾದರೆ ಪ್ಲಾಸ್ಟಿಕ್ ಜರಿ. ಬೆಳ್ಳಿ ಜರಿಯಾಗಿದ್ದು ಮೈ ಗಟ್ಟಿಯಿದ್ದರೆ ಅದು ಸೀರೆಯಾಗಿಯೇ ಹೆಚ್ಚು ಬೆಲೆ ಬಾಳುತ್ತದೆ. ಮೈ ಹೋಗಿ ಅಂಚು ಉಳಿದಿದ್ದರೆ ಅಂಚನ್ನು ಬಿಡಿಸಿ ಹೊಸ ಸೀರೆಗೆ ಹಚ್ಚಿಸಿ. ಅಂಚಿನಾಚೆ ಅರ್ಧ ಇಂಚು ಮೈ ಬಿಟ್ಟು ಕತ್ತರಿಸಬೇಕು, ಅಂಚಿಗೆ ತಾಗಿ ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು, ಎರಡೂ ಕಡೆ ಕೈಹೊಲಿಗೆ. ಬಿಸಿ ಇಸ್ತ್ರಿಯನ್ನು ಜರಿಗೆ ನೇರ ತಾಗಿಸದೆ ನಡುವೆ ಬಿಳಿ ಪಂಚೆಯ ತುಂಡು ಇಡಿ.

ಕೊಡಲೇಬೇಕೆಂದರೆ ಎರಡು ಜರಿ ಅಂಗಡಿಗಳಲ್ಲಿ ತೂಗಿಸಿ, ದರ ಕೇಳಿ, ಆಮೇಲೆ ಕೊಡಿ. ಪಾತ್ರೆ ಬೇಕಿದ್ದರೆ ಆ ದುಡ್ಡಿನಲ್ಲಿ ಕೊಳ್ಳಿ.

ಸಂಡೂರು ಕಡೆಯಿಂದ ಹಳೆಯ ಲಂಬಾಣಿ ಫೇಟಿಯಾ (ಲಂಗ) ಮತ್ತು ಕಾಂಚಳಿ (ರವಿಕೆ) ತಂದಿದ್ದೇನೆ. ಧೂಳು ತುಂಬಿದೆ. ಒಗೆಯುವುದು ಹೇಗೆ? ನಿಜಕ್ಕೂ ಹಳೆಯದಾ?
— ಓದುಗರು, ಹಗರಿಬೊಮ್ಮನಹಳ್ಳಿ

ಎರಡನೇ ಪ್ರಶ್ನೆ ಮೊದಲು. ಒಂದು ಹೊಲಿಗೆಯ ಒಳಮಡಿಕೆಯನ್ನು ಬಿಡಿಸಿ ನೋಡಿ. ಬಿಸಿಲಿಗೆ ಮಾಸಿದ ಬಟ್ಟೆಯಲ್ಲಿ ಒಳಮಡಿಕೆಯ ಬಣ್ಣ ಇನ್ನೂ ಕಡುವಾಗಿಯೇ ಇರುತ್ತದೆ, ಮಾಸಿರುವುದೂ ಎಲ್ಲೆಡೆ ಒಂದೇ ಸಮನಲ್ಲ: ಭುಜ, ಬೆನ್ನು, ಸೊಂಟದ ಪಟ್ಟಿ ಹೆಚ್ಚು, ನೆರಿಗೆಯ ಒಳಗೆ ಕಡಿಮೆ. ಚಹಾ ನೀರಲ್ಲಿ ಅದ್ದಿ ಹಳೆಯದು ಮಾಡಿದ್ದರೆ ಕಂದುಬಣ್ಣ ಒಳಮಡಿಕೆಯಲ್ಲೂ ಹೊಲಿಗೆ ದಾರದಲ್ಲೂ ಒಂದೇ ಸಮ. ಕನ್ನಡಿ ಗಾಜಿನದೋ ಪ್ಲಾಸ್ಟಿಕ್ಕಿನದೋ ಎಂದು ಕೆನ್ನೆಗೆ ತಾಗಿಸಿ ನೋಡಿ, ಗಾಜು ತಣ್ಣಗಿರುತ್ತದೆ. ಪ್ಲಾಸ್ಟಿಕ್ ಕನ್ನಡಿ, ಯಂತ್ರದ ಲೇಸು, ನೈಲಾನ್ ದಾರ ಇದ್ದರೆ ಇತ್ತೀಚಿನದು. ಆದರೆ ಒಂದು ಮಾತು: ಹಳೆಯ ಬಟ್ಟೆಗೆ ಆಮೇಲೆ ತೇಪೆ ಹಚ್ಚಿ, ಬಿದ್ದ ಕನ್ನಡಿಯ ಜಾಗಕ್ಕೆ ಹೊಸದು ಕೂರಿಸುವುದು ತಾಂಡಾಗಳಲ್ಲಿ ಮಾಮೂಲು. ತೊಟ್ಟ ಬಟ್ಟೆ ಅದು, ಪ್ರದರ್ಶನದ ವಸ್ತುವಲ್ಲ. ಅಂಥ ತೇಪೆಯನ್ನು ದೋಷವೆಂದು ಕಿತ್ತು ಹಾಕಬೇಡಿ.

ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಹೊಸ ಕೆಲಸ ಸಿಗುತ್ತದೆ. ಉಡಲು ಬೇಕಾದವರಿಗೆ ನಮ್ಮ ಸಲಹೆ ಅದೇ. ಹೊಸದನ್ನು ಹೊಸದೆಂದು ಕೊಂಡರೆ ಹೊಲಿದವರಿಗೆ ಕೂಲಿ ಸಿಗುತ್ತದೆ, ನಿಮಗೆ ಒಗೆಯುವ ಚಿಂತೆ ಇಲ್ಲ. ತಾಂಡಾಗಳಲ್ಲಿ ಅಜ್ಜಿಯರ ಮೈಮೇಲಿನದನ್ನು ಅಗ್ಗಕ್ಕೆ ಕೇಳುವ ದಲ್ಲಾಳಿಗಳಿದ್ದಾರೆ. ಅವರ ಕೈಯಿಂದ ಕೊಳ್ಳುವುದು ಬೇಡ.

ಈಗ ಒಗೆತ. ನೀರಿಗೆ ಹಾಕಲೇಬೇಡಿ, ಕನಿಷ್ಠ ಮೊದಲ ಸಲ. ಕೆಂಪು ಬಣ್ಣ ಬಿಡುತ್ತದೆ, ಕವಡೆಯ ದಾರ ಕುಗ್ಗಿ ಹರಿಯುತ್ತದೆ, ಲೋಹದ ಗುಂಡಿಗಳ ಸುತ್ತ ಹಸಿರು ಕಲೆ ಹರಡುತ್ತದೆ. ನಿಮ್ಮ ಕಡೆಯ ಧೂಳಿನಲ್ಲಿ ಕಬ್ಬಿಣದ ಅದಿರೂ ಇರುತ್ತದೆ, ಒದ್ದೆ ಮಾಡಿ ಉಜ್ಜಿದರೆ ಅದು ಎಳೆಯೊಳಗೆ ಇಳಿದು ಕೂರುತ್ತದೆ. ಫೇಟಿಯಾವನ್ನು ಮೇಜಿನ ಮೇಲೆ ಹರಡಿ, ಮೇಲೆ ಸೊಳ್ಳೆಪರದೆಯ ತುಂಡು ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಎಳೆತದಲ್ಲಿಟ್ಟು, ಬಾಯಿಯನ್ನು ಬಟ್ಟೆಗೆ ತಾಗಿಸದೆ ಒಂದಿಂಚು ಮೇಲೆ ಆಡಿಸಿ. ಎರಡೂ ಬದಿ ಮಾಡಿ. ಉಳಿದ ಮಣ್ಣನ್ನು ಮೆತ್ತನೆಯ ಬಣ್ಣದ ಬ್ರಶ್‌ನಿಂದ ಒಂದೇ ದಿಕ್ಕಿಗೆ ಸರಿಸಿ.

ಅಷ್ಟಾದರೂ ವಾಸನೆ ಉಳಿದು, ಒಗೆಯಲೇಬೇಕು ಎನಿಸಿದರೆ ಪ್ರತಿ ಬಣ್ಣದ ಮೇಲೂ ಒದ್ದೆ ಬಿಳಿ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದೇ ಒಂದು ಬಣ್ಣ ಬಿಟ್ಟರೂ ಅಲ್ಲಿಗೆ ಕೈಬಿಡಿ. ಇಟ್ಟುಕೊಳ್ಳುವಾಗ ತೂಗುಹಾಕಬೇಡಿ. ಕನ್ನಡಿ, ಕವಡೆಗಳ ಭಾರಕ್ಕೆ ಭುಜದ ಹೊಲಿಗೆ ಹರಿಯುತ್ತದೆ. ಮಡಿಸುವ ಕಡೆ ಹಳೇ ಪಂಚೆಯನ್ನು ಉರುಳೆ ಸುತ್ತಿ ಒಳಗಿಟ್ಟರೆ ಮಡಿಕೆ ಗಟ್ಟಿಯಾಗುವುದಿಲ್ಲ.

ಲಂಬಾಣಿ ಬಲಿಯಾ ಬಳೆ ಆನೆದಂತದ್ದು ಅಂತ ಹೇಳಿ ಮಾರುತ್ತಿದ್ದಾರೆ. ಕೊಳ್ಳಬಹುದೇ?
— ಓದುಗರು, ಕೂಡ್ಲಿಗಿ

ಬೇಡ. ಮಾರುವವರ ಮಾತು ಸುಳ್ಳಾದರೆ ಮೂಳೆಗೋ ಪ್ಲಾಸ್ಟಿಕ್ಕಿಗೋ ದಂತದ ಬೆಲೆ ಕೊಟ್ಟಂತೆ. ನಿಜವಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಡಿ ಮಾರಿದವರೂ ಕೊಂಡವರೂ ಅಪರಾಧಿಗಳು. ಎಷ್ಟು ಹಳೆಯದು ಎಂಬುದು ಲೆಕ್ಕಕ್ಕೆ ಬಾರದು. ಹುಲಿಯುಗುರಿನ ಪದಕಕ್ಕೂ ಇದೇ ನಿಯಮ. 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಅದರ ಮೇಲೆ ದಾಖಲಾದ ಪ್ರಕರಣಗಳು ನೆನಪಿರಬಹುದು.

ಅಪ್ಪನ ಕಾಲದ ಎಚ್‌ಎಂಟಿ ಜನತಾ, ಪೈಲಟ್ ವಾಚುಗಳನ್ನು ಕೊಳ್ಳುವ ಆಸೆ. ಆನ್‌ಲೈನ್‌ನಲ್ಲಿ ಹೊಳೆಯುವಂಥವು ಅಗ್ಗಕ್ಕೆ ಸಿಗುತ್ತಿವೆ.
— ಓದುಗರು, ಗಂಗಾವತಿ

ಹೊಳೆಯುವುದೇ ತೊಂದರೆ. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ವಾಚು ತಯಾರಿಕೆ ಶುರುಮಾಡಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಅಲ್ಲಿಂದ ಬೇಡಿಕೆ ಏರಿತು, ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವ ವ್ಯಾಪಾರವೂ ಬೆಳೆಯಿತು. ಗಿಳಿಹಸಿರು, ಕಿತ್ತಳೆ, ಕಡುನೇರಳೆ ಡಯಲಿನ ಜನತಾ ಕಂಡರೆ ಅದು ಕಾರ್ಖಾನೆಯಿಂದ ಹಾಗೆ ಬಂದದ್ದಲ್ಲ ಎಂದೇ ಹಿಡಿಯಿರಿ.

ಮಾರುವವರಿಂದ ಮೂರು ಫೋಟೊ ಕೇಳಿ: ಹಗಲ ಬೆಳಕಿನಲ್ಲಿ ಡಯಲ್ ಹತ್ತಿರದಿಂದ, ಹಿಂದಿನ ಮುಚ್ಚಳ ತೆಗೆದು ಯಂತ್ರ, ಪಟ್ಟಿ ಕೂರುವ ಕೊಂಬುಗಳು. ಡಯಲಿನಲ್ಲಿ ‘ಪ್ಯಾರಾ ಶಾಕ್’, ‘17 ಜ್ಯೂಯೆಲ್ಸ್’ ಅಕ್ಷರಗಳ ಅಂಚು ಚೂಪಾಗಿ, ಸಾಲು ನೇರವಾಗಿ ಇರಬೇಕು. ಮರುಬಣ್ಣದ ಡಯಲಿನಲ್ಲಿ ಅಕ್ಷರ ದಪ್ಪ, ಶಾಯಿ ಹರಡಿದಂತೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂಡುವುದಿಲ್ಲ. ಒಳಗೆ ಯಂತ್ರದ ಮೇಲೆ ಎಚ್‌ಎಂಟಿ ಮುದ್ರೆ ಮತ್ತು ಸಂಖ್ಯೆ ನೋಡಿ. ಜನತಾ, ಪೈಲಟ್‌ಗಳಲ್ಲಿ ಸಾಮಾನ್ಯವಾಗಿ 0231. ತಿರುಪುಗಳ ತಲೆ ಕಚ್ಚಿದಂತಿದ್ದರೆ ಯಾರೋ ಕಲಿಯುವವರ ಕೈ ಆಡಿದೆ. ಕಂದು ತುಕ್ಕು ಕಂಡರೆ ನೀರು ಒಳಹೊಕ್ಕಿದೆ, ಅದನ್ನು ಬಿಡಿ. ಕೊಂಬುಗಳಲ್ಲಿ ಮೇಲಿನ ಕ್ರೋಮ್ ಹೋಗಿ ಹಳದಿ ಹಿತ್ತಾಳೆ ಕಾಣುತ್ತಿದ್ದರೆ ಬೆವರು ತಿಂದಿದೆ. ವಾಚು ಓಡುವುದಕ್ಕೆ ತೊಂದರೆಯಿಲ್ಲ, ಬೆಲೆ ಇಳಿಸಿ ಕೇಳಿ. ಗಾಜಿನ ಗೀರಿಗೆ ಹೆದರಬೇಡಿ. ಅದು ಗಾಜಲ್ಲ, ಅಕ್ರಿಲಿಕ್. ಪಾಲಿಶ್ ಹಾಕಿದರೆ ಹೋಗುತ್ತದೆ.

ಕೈಗೆ ಬಂದ ಮೇಲೆ ಚಾವಿ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಫೋನಿನ ಸಮಯಕ್ಕೆ ಸರಿಹೊಂದಿಸಿ 24 ತಾಸು ಬಿಡಿ. ಒಂದು ದಿನ ಡಯಲ್ ಮೇಲ್ಮುಖವಾಗಿ, ಇನ್ನೊಂದು ದಿನ ಚಾವಿ ಕೆಳಮುಖವಾಗಿ. ದಿನಕ್ಕೆ ಅರ್ಧದಿಂದ ಒಂದು ನಿಮಿಷ ಹಿಂದೆ ಮುಂದೆ ಆದರೆ ಈ ವಯಸ್ಸಿನ ವಾಚಿಗೆ ಪರವಾಗಿಲ್ಲ. ಐದಾರು ನಿಮಿಷ ಹಿಂದೆ ಬಿದ್ದರೆ ಎಣ್ಣೆ ಒಣಗಿದೆ, ಪೂರ್ತಿ ಬಿಚ್ಚಿ ತೊಳೆಯುವ ಸರ್ವಿಸ್ ಬೇಕು. ಹತ್ತು ನಿಮಿಷ ಮುಂದೆ ಓಡಿದರೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ (ಹೇರ್‌ಸ್ಪ್ರಿಂಗ್) ಸುರುಳಿಗಳು ಅಂಟಿರಬಹುದು, ಅದಕ್ಕೆ ಹೆಚ್ಚಾಗಿ ಕಾರಣ ಫೋನು, ಸ್ಪೀಕರುಗಳ ಅಯಸ್ಕಾಂತ. ರಿಪೇರಿಯವರ ಬಳಿ ಅಯಸ್ಕಾಂತ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಇದ್ದರೆ ನಿಮಿಷದ ಕೆಲಸ. ಪಟ್ಟಿ ಕೊಳ್ಳುವ ಮುನ್ನ ಕೊಂಬುಗಳ ನಡುವಿನ ಅಂತರ ಅಳೆಯಿರಿ. ಭತ್ತದ ಗದ್ದೆಗೆ ಕಟ್ಟಿಕೊಂಡು ಹೋಗಬೇಡಿ, ಇವು ನೀರು ತಡೆಯುವುದಿಲ್ಲ.

ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುತ್ತಾರೆ, ಆದರೆ ನನಗೆ ಹಳೇ ಲಿವೈಸ್ ಬೇಕು. ‘ಬಿಗ್ ಇ’ ಎಂದು ಮಾರುವುದು ನಿಜಕ್ಕೂ ಹಳೆಯದೇ?
— ಓದುಗರು, ಕೌಲ್ ಬಜಾರ್, ಬಳ್ಳಾರಿ

ಹಿಂದಿನ ಜೇಬಿನ ಕೆಂಪು ಪಟ್ಟಿಯಲ್ಲಿ ಹೆಸರಿನ ‘ಇ’ ದೊಡ್ಡಕ್ಷರದಲ್ಲಿದ್ದದ್ದು 1971ರವರೆಗೆ. ಆದರೆ ಕಂಪನಿಯೇ ಹಳೆಯ ಮಾದರಿಗಳನ್ನು ಮತ್ತೆ ತಂದಾಗ ಅದೇ ಅಕ್ಷರ ಹಾಕಿದೆ, ಹಾಗಾಗಿ ಪಟ್ಟಿಯೊಂದೇ ಸಾಕ್ಷಿಯಲ್ಲ. ಒಳಗೆ ಒಗೆಯುವ ವಿಧಾನ ಮುದ್ರಿಸಿದ ಲೇಬಲ್ ಹೊಲಿದಿದ್ದರೆ 1971ಕ್ಕಿಂತ ಈಚಿನದು. ಲಿವೈಸ್ ಭಾರತಕ್ಕೆ ಬಂದದ್ದೇ 1990ರ ದಶಕದಲ್ಲಿ. ‘ಮೇಡ್ ಇನ್ ಇಂಡಿಯಾ’ ಎಂದು ಬರೆದ ‘ಅರವತ್ತರ ದಶಕದ’ ಪ್ಯಾಂಟು ತೋರಿಸಿದರೆ ನಕ್ಕು ಮುಂದೆ ಹೋಗಿ.

ಬಟ್ಟೆ ಬಳಸಿ ಸವೆದದ್ದೋ ಯೂನಿಟ್ಟಿನಲ್ಲಿ ಸವೆಸಿದ್ದೋ ನಿಮ್ಮೂರಿನ ವಾಷಿಂಗ್ ಕೆಲಸಗಾರರು ಒಂದೇ ನೋಟಕ್ಕೆ ಹೇಳುತ್ತಾರೆ, ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರು ನೋಡುವುದು ಇದನ್ನು: ತೊಡೆಸಂದಿನ ಬಿಳಿ ಗೆರೆಗಳು ಎರಡೂ ಕಾಲಲ್ಲಿ ಕನ್ನಡಿ ಬಿಂಬದಂತೆ ಒಂದೇ ತರಹ ಇದ್ದರೆ ಸ್ಯಾಂಡ್‌ಪೇಪರಿನ ಕೆಲಸ, ಮೊಣಕಾಲಿನ ಬಿಳುಪು ದುಂಡಗೆ ಮೋಡದಂತಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿದ್ದು. ತೊಟ್ಟು ಸವೆದದ್ದರಲ್ಲಿ ಒಂದು ಜೇಬಿಗೆ ಮಾತ್ರ ಪಾಕೀಟಿನ ಗುರುತು, ಒಂದು ಹಿಮ್ಮಡಿ ಹೆಚ್ಚು ಹರಿದಿರುತ್ತದೆ. ಕಾಲಿನ ಹೊರ ಹೊಲಿಗೆಯನ್ನು ತಿರುವಿ. ಎರಡೂ ಬದಿಗೆ ನೇಯ್ದ ಕಿರಿದಾದ ಬಿಳಿ ಅಂಚು ಇದ್ದರೆ ಹಳೆಯ ಕಿರುಮಗ್ಗದ ಬಟ್ಟೆ, ಓವರ್‌ಲಾಕ್ ಇದ್ದರೆ ಅಗಲ ಮಗ್ಗದ್ದು. ಉದ್ದ ಕಡಿಮೆ ಮಾಡಿಸುವುದಾದರೆ ಮೂಲ ಅಂಚನ್ನು ಕತ್ತರಿಸಿ ಬಿಸಾಡಬೇಡಿ, ಚೈನ್ ಹೊಲಿಗೆಯಿಂದ ತಿರುಚಿದ ಆ ಅಂಚಿಗೇ ಬೆಲೆ.

ಟ್ರಂಕಿನಲ್ಲಿಟ್ಟ ಹಳೆ ಬಟ್ಟೆಗಳಿಗೆ ಮುಗ್ಗಲು ವಾಸನೆ, ಅಲ್ಲಲ್ಲಿ ತುಕ್ಕಿನ ಕಲೆ.
— ಓದುಗರು, ಕೊಪ್ಪಳ

ನಿಮ್ಮ ಕಡೆಯ ಒಣಗಾಳಿಯೇ ಮದ್ದು. ನೆರಳಲ್ಲಿ, ಹಾಸಿದ ಮಂಚದ ಮೇಲೆ ಎರಡು ಮೂರು ದಿನ ಹರಡಿ, ಮಧ್ಯಾಹ್ನ ಮಗ್ಗುಲು ಬದಲಿಸಿ. ಬಿಸಿಲಿಗೆ ಹಾಕಬೇಕಾದದ್ದು ಟ್ರಂಕು, ಬಟ್ಟೆಯಲ್ಲ. ಹುಳು ಬಿದ್ದಿದ್ದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ಗಾಳಿಯ ತೇವ ಬಟ್ಟೆಗೇ ಕೂರುತ್ತದೆ. ನುಸಿಗುಳಿಗೆ, ಬೇವಿನೆಲೆ ಏನೇ ಇಟ್ಟರೂ ಬೇರೆ ಚೀಲದಲ್ಲಿ ಕಟ್ಟಿ ಮೂಲೆಗಿಡಿ, ಜರಿಗೆ ತಾಗಬಾರದು.

ತುಕ್ಕಿನ ಕಲೆಗೆ ಬ್ಲೀಚ್ ಹಾಕಿದರೆ ಕಲೆ ಹೋಗುವುದಿಲ್ಲ, ಬಟ್ಟೆ ಹೋಗುತ್ತದೆ. ಕಬ್ಬಿಣದ ಅಂಶ ಇದ್ದ ಕಡೆ ಬ್ಲೀಚ್ ಎಳೆಯನ್ನು ಇನ್ನೂ ಬೇಗ ತಿನ್ನುತ್ತದೆ. ಗಟ್ಟಿ ಬಿಳಿ ಹತ್ತಿಗಾದರೆ ನಿಂಬೆರಸ ಹನಿಸಿ ಹತ್ತು ನಿಮಿಷದಲ್ಲಿ ಚೆನ್ನಾಗಿ ತೊಳೆಯಬಹುದು. ಬಣ್ಣದ ಬಟ್ಟೆ, ರೇಷ್ಮೆಗೆ ಅದೂ ಬೇಡ. ಟ್ರಂಕಿನ ಒಳಮೈಗೆ ಒಗೆದ ಬಿಳಿ ಪಂಚೆ ಎರಡು ಪದರ ಹಾಸಿ, ವೃತ್ತಪತ್ರಿಕೆ ಬೇಡ. ಮೂರು ತಿಂಗಳಿಗೊಮ್ಮೆ ಸೀರೆಗಳ ಮಡಿಕೆ ಬದಲಿಸಿ, ಹಳೆಯ ಗೆರೆಯ ಮೇಲೆಯೇ ಮತ್ತೆ ಮಡಿಸಬೇಡಿ.